ಹದಿನಾಲ್ಕು ಅಡಿ ನೀರು

ಮೂರು ಸಾವಿರದ ಆರುನೂರಕ್ಕೆ ಬಂತು ಅದು,
ಖಾದರಬಾಷಾನ ಅಂಗಡಿಯ ಮೇಲಿನ ಶೆಲ್ಫಿನಿಂದ,
ಡಬ್ಬಿಯ ಒಂದು ಮೂಲೆ ಇಲಿ ಕಡಿದದ್ದು.

ಅದಕ್ಕೂ ಮೊದಲು ಎರಡು ತಿಂಗಳು
ಯಮನೂರಪ್ಪ ಉಂಡ ಮೇಲೆ ಗೋಡೆಗೊರಗಿ
ಮೊಬೈಲು ಎದೆಯ ಮೇಲಿಟ್ಟುಕೊಂಡು ಲೆಕ್ಕ ಹಾಕಿದ್ದ:
ದೋಣಿಗೆ ಕಟ್ಟುವುದು ಹದಿನೆಂಟು ಸಾವಿರ,
ದೋಣಿಯ ದುಡ್ಡು ಬೇರೆ.
ಚೆಂಡಿನಂತೆ ಎಸೆದು ಫೋನಿನಲ್ಲಿ ನೋಡುವುದು ಏಳು,
ದಾರ ಹರಿದರೆ ಏಳೂ ಹೊಳೆಯ ಪಾಲು.
ವಯರಿನದೇ ಸಾಕು, ಇಪ್ಪತ್ತೈದು ಅಡಿ.
"ನಾವೇನ್ ಸಮುದ್ರ ಅಳೀಬೇಕಾಗೇತೇನು?"

ಬಣ್ಣದ ಪರದೆ ಬೇಕೇ ಎಂದಾಗ ಬೇಡವೆಂದವಳು ನಾನು.
ಬೂದು ಬಣ್ಣ ಓದುವುದು ನನಗೆ ರೂಢಿ.

ಕೊಪ್ಪಳದ ಸ್ಕ್ಯಾನಿಂಗ್ ಸೆಂಟರಿನಲ್ಲಿ ಒಂಬತ್ತು ವರ್ಷ
ಹೊಟ್ಟೆಗೆ ಜೆಲ್ಲಿ ಹಚ್ಚುತ್ತೇನೆ, ಒರೆಸುತ್ತೇನೆ, ರಿಪೋರ್ಟು ಟೈಪಿಸುತ್ತೇನೆ.
"ತಣ್ಣಗ ಅಕ್ಕೈತ್ರಿ, ಗಾಬರಿ ಆಗಬ್ಯಾಡ್ರಿ."
ಡಾಕ್ಟರಮ್ಮ ಪರದೆ ನೋಡುತ್ತಾರೆ,
ಅವರ ಹೆಗಲ ಹಿಂದಿನಿಂದ ನಾನೂ.
ನೋಡದವಳ ಹಾಗೆ ನೋಡುವುದನ್ನು ಕಲಿಯಲು
ಒಂದು ವರ್ಷ ಹಿಡಿಯಿತು.
ಕೇಳಬಾರದ್ದು ಬೋರ್ಡಿನ ಮೇಲೆ ಕೆಂಪಕ್ಷರದಲ್ಲಿದೆ.
ಕೇಳಬಹುದಾದದ್ದನ್ನು ನನ್ನನ್ನೇ ಕೇಳುತ್ತಾರೆ,
ಬಾಗಿಲಲ್ಲಿ ಚಪ್ಪಲಿ ಹುಡುಕುತ್ತ:
"ಯಕ್ಕಾ, ಎಲ್ಲಾ ಬರೋಬ್ಬರಿ ಐತಲ್ಲ?"
"ಡಾಕ್ಟರಮ್ಮ ಹೇಳ್ತಾರ್ರಿ."
ಆರು ದಿನ ಇದೊಂದೇ ಮಾತು.

ಭಾನುವಾರ ಮುನಿರಾಬಾದಿನ ಹಿನ್ನೀರು.
ಗಾಡಿಗೆ ಕಟ್ಟಿದ ಎರಡು ಬಿದಿರ ಗಳ,
ಬೆಲ್ಲ ಕಲಸಿದ ಜೋಳದ ಹಿಟ್ಟು, ಎರೆಹುಳದ ಡಬ್ಬಿ,
ಮಂಡಕ್ಕಿ, ಹಸಿಮೆಣಸಿನಕಾಯಿ.
ಬೆಂಡು ಜೋಳದ ದಂಟಿನದು, ನಾನೇ ಸುಲಿದದ್ದು.
ಹೆಂಗಸು ಗಾಳ ಹಿಡಿದಳೆಂದು ಮೊದಮೊದಲು ನಕ್ಕಿದ್ದ ದಡ
ಈಗ ಯಂತ್ರ ನೋಡಿ ನಕ್ಕಿತು.

ಥರ್ಮಾಕೋಲಿಗೆ ಸಿಕ್ಕಿಸಿ ಸೆನ್ಸರು ತೇಲಿಬಿಟ್ಟ.
ಪರದೆ ತುಂಬ ಬರೀ ಕೊಳೆ.
"ಖಾದರ ಟೋಪಿ ಹಾಕಿದ ನೋಡು" ಎಂದ.
ಎಳೆದು ನೋಡಿದೆ. ಕೆಳಗೊಂದು ಗಾಳಿಗುಳ್ಳೆ ಕೂತಿತ್ತು.
ನೀರು ದಾಟುವ ಶಬ್ದ ಅಷ್ಟೇ ಅಷ್ಟು ಗಾಳಿ ದಾಟಲಾರದು.
ಬೆರಳಲ್ಲಿ ಒರೆಸಿದೆ.
"ನಿನಗ್ ಹ್ಯಾಂಗ್ ಗೊತ್ತು?"
ಜೆಲ್ಲಿ ಯಾಕೆ ಹಚ್ಚುತ್ತಾರೆಂದು
ಒಂಬತ್ತು ವರ್ಷದಲ್ಲಿ ಯಾರೂ ಕೇಳಿರಲಿಲ್ಲ. ಹೇಳಿದೆ.
ಇಲ್ಲಿ ಹಚ್ಚುವುದು ಬೇಡ, ಹೊಳೆಯೇ ಜೆಲ್ಲಿ.

ಹದಿನಾಲ್ಕು ಅಡಿ ಎಂದಿತು.
ನೆಲದ ಗೆರೆ ಮಸುಕು. ಕೆಸರಿರಬೇಕು.
ಆಮೇಲೆ ನಡುನೀರಲ್ಲೊಂದು ಪುಟ್ಟ ಮೀನಿನ ಚಿತ್ರ, ಪೀಪ್.

"ಐತಿ!" ಎಂದು ಕೂಗಿದೆ.
ಕೊಕ್ಕರೆ ಎದ್ದು ಹಾರಿತು.
ಆಚೆ ಬಂಡೆಯ ಹುಡುಗ ಗಾಳ ಬಿಟ್ಟು ನನ್ನನ್ನೇ ನೋಡಿದ.
ನನ್ನ ದನಿ ಇಷ್ಟು ದೊಡ್ಡದೆಂದು ಯಮನೂರಪ್ಪನಿಗೂ ಗೊತ್ತಿರಲಿಲ್ಲ.

ಒಂದು ತಾಸು ಏನೂ ಕಚ್ಚಲಿಲ್ಲ.
ಎಲೆಯಿರಬೇಕು, ಇಲ್ಲವೆ ಪಾಚಿಯ ಮುದ್ದೆ.
ಅಗ್ಗದ್ದು; ಅಡ್ಡ ಬಂದದ್ದಕ್ಕೆಲ್ಲ ಬಾಲ ಬರೆಯುತ್ತದೆ.
ಅವನು ಚೀಟಿ ಬಿಚ್ಚಿ ಓದಿದ:
"ಈ ಗುಂಡಿ ಇಳಿಸಿದ್ರ ಸುಳ್ಳು ಕಮ್ಮಿ ಅಕ್ಕಾವಂತ."
"ಬ್ಯಾಡ" ಎಂದೆ.

ಬುಧವಾರ ಕುಕನೂರು ಕಡೆಯ ಹುಡುಗಿಯೊಬ್ಬಳು ಬಂದಿದ್ದಳು,
ಗಾಜಿನ ಬಳೆ, ಮೊಣಕೈತನಕ.
ಡಾಕ್ಟರಮ್ಮನ ಕೈ ಒಂದೇ ಕಡೆ ಬಹಳ ಹೊತ್ತು ನಿಂತಿತು.
ಮಿಣುಕಬೇಕಾದ ಜಾಗ ಮಿಣುಕಲಿಲ್ಲ.
ಎಂದಿಗಿಂತ ನಿಧಾನ ಒರೆಸಿದೆ, ಎರಡು ಟಿಶ್ಯೂ ಹೆಚ್ಚು.
ಅವಳೂ ಬಾಗಿಲಲ್ಲಿ ಕೇಳಿದಳು.
ಅದೇ ಮಾತು ಹೇಳಿದೆ.

ಪೀಪ್.

"ಐತಿ."
"ಎಷ್ಟಕ್ಕ?"
"ಒಂಬತ್ತು ಅಡಿಗೆ."
"ಖರೇನಾ?"
"ಗೊತ್ತಿಲ್ಲ. ಐತಿ ಅಂತನಿ ಅಷ್ಟ."
ಅವನು ಚೀಟಿ ಮಡಚಿ ಜೇಬಿಗಿಟ್ಟ,
ಮತ್ತೆ ಆ ಗುಂಡಿಯ ತಂಟೆಗೆ ಹೋಗಲಿಲ್ಲ.

ನಾಲ್ಕೂವರೆಗೆ ಬ್ಯಾಟರಿ ಸತ್ತಿತು.
ಆಮೇಲೆ, ಯಾರೂ ಹೇಳದೆ ಕೇಳದೆ,
ನಾಲ್ಕು ಜಿಲೇಬಿ ಮೀನು ಬಂದವು,
ಒಂದರ ಹಿಂದೊಂದು.